ಕುರಿ ಅಟ್ಟುವ ನಾಯಿಗೆ ನಿಮ್ಮ ಮನೆಯಲ್ಲಿ ಕೆಲಸ ಐತೇನು?

ಮೆಣಸಿನಕಾಯಿ ಮಾರಿ ಕೈಯಲ್ಲಿ ನಾಲ್ಕು ದುಡ್ಡು ಓಡಾಡುವ ಹೊತ್ತಿಗೆ ಬ್ಯಾಡಗಿ ಸುತ್ತಿನ ಹಳ್ಳಿಗಳಿಗೆ ಹೊಸ ಟಿವಿ, ಹೊಸ ಬೈಕಿನ ಜತೆ ಹೊಸ ನಾಯಿಯೂ ಬರುತ್ತದೆ. ಮೊದಲು ಪೊಮೇರಿಯನ್ ಇತ್ತು. ಆಮೇಲೆ ಆಲ್ಸೇಶನ್ ಬಂತು. ಈಗ ಹುಬ್ಬಳ್ಳಿ, ದಾವಣಗೆರೆಯಲ್ಲಿ ಓದುವ ಮಕ್ಕಳು ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಾರೆ. ಕಪ್ಪು ಬಿಳುಪಿನ ನಾಯಿಯೊಂದು ಹಸಿರು ಗುಡ್ಡದ ಮೇಲೆ ಚದುರಿದ ಇನ್ನೂರು ಕುರಿಗಳನ್ನು ಒಂದು ಸಿಳ್ಳಿಗೆ ಕಸ ಗುಡಿಸಿದಂತೆ ಒಟ್ಟು ಮಾಡಿ ದೊಡ್ಡಿಗೆ ಹಾಕುತ್ತದೆ. 'ಅಪ್ಪಾ, ನಮ್ಮ ಹದಿನೈದು ಕುರಿಗೂ ಇಂಥಾದ್ದೊಂದು ತರೂಣು. ಆಳಿನ ಪಗಾರ ಉಳೀತೈತಿ.'

ಆಳಿನ ಪಗಾರ ಉಳಿಯುತ್ತದೆ ಎಂದರೆ ಯಾವ ರೈತನ ಕಿವಿಯಾದರೂ ನೆಟ್ಟಗಾಗುತ್ತದೆ. ಆದರೆ ಮರಿಗೆ ದುಡ್ಡು ಕೊಡುವ ಮೊದಲು ಆ ನಾಯಿ ಯಾವ ಕೆಲಸಕ್ಕೆ ಹುಟ್ಟಿದ್ದು, ಆ ಕೆಲಸ ನಮ್ಮಲ್ಲಿ ಇದೆಯೇ ಎಂದು ನೋಡಬೇಕು. ಚಂದ ಆಮೇಲೆ ನೋಡಬಹುದು.

ಹೋರಿಯಲ್ಲಿ ಈ ವಿಚಾರ ನಮಗೆ ಚೆನ್ನಾಗಿ ಗೊತ್ತು. ದೀಪಾವಳಿಯ ನಂತರ ಹಾವೇರಿ ಕಡೆ ನಡೆಯುವ ಹೋರಿ ಹಬ್ಬಕ್ಕೆ ಕೊಬ್ಬರಿ ಹೋರಿ ಸಾಕುವವರು ಅದನ್ನು ದಿನಾ ಓಡಿಸುತ್ತಾರೆ, ಕೆರೆಯಲ್ಲಿ ಈಜಿಸುತ್ತಾರೆ, ಮೈ ತಿಕ್ಕುತ್ತಾರೆ. ಅದನ್ನು ಮೂರು ತಿಂಗಳು ಗೂಟಕ್ಕೆ ಕಟ್ಟಿ ಮೇವು ಹಾಕಿದರೆ ಏನಾಗುತ್ತದೆ ಎಂದು ಅವರನ್ನೇ ಕೇಳಿ. ಹಗ್ಗ ಉಳಿಯುವುದಿಲ್ಲ, ಗೂಟ ಉಳಿಯುವುದಿಲ್ಲ, ಬಾಜೂ ಕಟ್ಟಿದ ಆಕಳೂ ಉಳಿಯುವುದಿಲ್ಲ. ನಾಯಿಗೂ ಅದೇ ಲೆಕ್ಕ.

ಅಟ್ಟುವುದು ಬೇರೆ, ಕಾಯುವುದು ಬೇರೆ

ವಿಡಿಯೋದಲ್ಲಿ ಕಾಣುವುದು ಬಾರ್ಡರ್ ಕೋಲಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿ ಸೀಮೆಯದು, ಅದಕ್ಕೇ ಆ ಹೆಸರು. ಅಲ್ಲಿಯ ಗುಡ್ಡಗಳಲ್ಲಿ ಕುರಿಗಳು ಕಾಯುವವರಿಲ್ಲದೆ ತಮ್ಮಷ್ಟಕ್ಕೆ ಮೇಯುತ್ತವೆ. ಉಣ್ಣೆ ಕತ್ತರಿಸಲು, ಔಷಧ ಕುಡಿಸಲು ಅವನ್ನು ಕೆಳಗೆ ತರಬೇಕು. ಒಬ್ಬನೇ ಮನುಷ್ಯ, ಮೈಲಿಗಟ್ಟಲೆ ಗುಡ್ಡ. ನಾಯಿ ದೂರದಿಂದ ಸುತ್ತು ಹಾಕಿ, ನೆಲಕ್ಕೆ ಮೈ ಅಂಟಿಸಿ, ಕಣ್ಣಲ್ಲಿ ಕಣ್ಣಿಟ್ಟು ಹೆದರಿಸಿ ಕುರಿಯನ್ನು ನಡೆಸುತ್ತದೆ. ತೋಳ ಬೇಟೆಯಾಡುವ ರೀತಿಯೇ ಇದು, ಕಚ್ಚಿ ಕೊಲ್ಲುವ ಕಡೆಯ ಹೆಜ್ಜೆಯನ್ನು ಮಾತ್ರ ತಳಿ ಆಯ್ಕೆಯಿಂದ ತಗ್ಗಿಸಿದ್ದಾರೆ. ವೇಲ್ಸಿನ ಬಾಲಾ ಎಂಬ ಊರಲ್ಲಿ 1873ರಲ್ಲೇ ಇಂಥ ನಾಯಿಗಳ ಪಂದ್ಯ ನಡೆಯಿತು. 1893ರಲ್ಲಿ ಹುಟ್ಟಿದ 'ಓಲ್ಡ್ ಹೆಂಪ್' ಎಂಬ ಒಂದು ಗಂಡು ನಾಯಿಯ ರಕ್ತ ಇವತ್ತಿನ ಹೆಚ್ಚುಕಮ್ಮಿ ಎಲ್ಲ ಬಾರ್ಡರ್ ಕೋಲಿಗಳಲ್ಲಿ ಹರಿಯುತ್ತಿದೆ. ನೂರು ವರ್ಷಕ್ಕೂ ಮೇಲ್ಪಟ್ಟು 'ಇನ್ನೂ ಓಡು, ಇನ್ನೂ ಓಡು' ಎಂದು ಆರಿಸಿ ಬೆಳೆಸಿದ ಪ್ರಾಣಿ ಇದು. ಸಾಕಾಯಿತು ಎಂದು ಕೂರುವುದು ಅದರ ರಕ್ತದಲ್ಲೇ ಇಲ್ಲ.

ನಾವು ಆಲ್ಸೇಶನ್ ಎನ್ನುವ ಜರ್ಮನ್ ಶೆಫರ್ಡ್ ಕೂಡ ಮೂಲದಲ್ಲಿ ಕುರಿ ಅಟ್ಟುವ ನಾಯಿಯೇ. ಹೆಸರೇ ಹೇಳುತ್ತದಲ್ಲ, ಜರ್ಮನಿಯ ಕುರಿಗಾರನ ನಾಯಿ ಎಂದು. 1899ರಲ್ಲಿ ಅಲ್ಲಿ ಅದನ್ನು ಒಂದು ತಳಿಯಾಗಿ ಕಟ್ಟಿದರು. ಪೊಲೀಸರ ಕೈಗೆ ಹೋದದ್ದು ಆಮೇಲೆ.

ನಮ್ಮ ಕುರಿಗಾರರ ನಾಯಿಗಳನ್ನು ನೋಡಿದ್ದೀರಿ. ಕೊಯ್ಲು ಮುಗಿದ ಗೋವಿನಜೋಳದ ಹೊಲದಲ್ಲಿ ಹಿಂಡು ಇಳಿದಾಗ ಅವು ಏನು ಮಾಡುತ್ತವೆ? ಹಗಲೆಲ್ಲ ಜಾಲಿಗಿಡದ ಕೆಳಗೆ ಮಲಗಿರುತ್ತವೆ. ಹಿಂಡು ಎದ್ದರೆ ಹಿಂದೆ ಹಿಂದೆ ನಡೆಯುತ್ತವೆ. ಕುರಿ ತಿರುಗಿಸುವವನು ಕುರಿಗಾರ. ಅವನ ಕೂಗು, ಅವನ ಕೋಲು, ಮುಂದೆ ಹೋಗುವ ನಾಲ್ಕು ಆಡು, ಇಷ್ಟರ ಮೇಲೆ ಹಿಂಡು ನಡೆಯುತ್ತದೆ. ನಾಯಿಯ ಪಾಳಿ ಶುರುವಾಗುವುದು ರಾತ್ರಿ. ತೋಳದ ವಾಸನೆ, ಕಳ್ಳರ ಹೆಜ್ಜೆ ಸಪ್ಪಳ ಸಿಕ್ಕ ಕೂಡಲೇ ಅದು ಬೊಗಳಬೇಕು, ಎದುರು ನಿಲ್ಲಬೇಕು, ಕುರಿಗಾರನನ್ನು ಎಬ್ಬಿಸಬೇಕು.

ಅಂದರೆ ಅಟ್ಟುವ ನಾಯಿಯ ಕೆಲಸವನ್ನು ನಮ್ಮಲ್ಲಿ ಮನುಷ್ಯರೇ ಮಾಡುತ್ತಾ ಬಂದಿದ್ದಾರೆ. ಅದಕ್ಕೆ ಕಾರಣವೂ ಇದೆ. ಆ ಗುಡ್ಡದಲ್ಲಿ ಕುರಿ ನೂರು ಮಾರು ಆಚೀಚೆ ಹೋದರೆ ನಷ್ಟವಿಲ್ಲ. ನಮ್ಮಲ್ಲಿ ಬದುವಿನ ಈ ಕಡೆ ಮೇವು, ಆ ಕಡೆ ಪಕ್ಕದವರ ಹತ್ತಿ. ಎರಡೂವರೆ ಎಕರೆಯ ತುಂಡುಗಳು, ಬೇಲಿ ಇಲ್ಲ. ನಾಯಿಗೆ ಹೆದರಿ ದಿಕ್ಕೆಟ್ಟ ಕುರಿ ನಾಲ್ಕು ಜನರ ಬೆಳೆ ತುಳಿದೇ ನಿಲ್ಲುತ್ತದೆ. ಮೇಲಾಗಿ ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳನ್ನು ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 48 ಹೋಗಿದೆ. ಓಡುವುದನ್ನೆಲ್ಲ ತಿರುಗಿಸಬೇಕು ಎಂಬ ಹಟ ಇರುವ ನಾಯಿಗೆ ಲಾರಿಯೂ ಒಂದು ಕುರಿಯೇ.

ಒಂದು ರಾತ್ರಿ, ಒಂದು ಹಿಂಡು

ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಹೆಸರು ಬೇಡ, ಇಬ್ಬರೂ ನಮ್ಮವರೇ. ಒಬ್ಬರು ತೋಟದ ಮನೆಗೆ ದೂರದ ಊರಿನಿಂದ ಅಟ್ಟುವ ತಳಿಯ ನಾಯಿ ತಂದಿದ್ದರು. ಒಂದು ವರ್ಷ ಮೀರಿದ ಗಂಡು, ನೋಡಲು ಗೊಂಬೆ. ಹಗಲು ಸರಪಳಿ, ರಾತ್ರಿ ಬಿಡುಗಡೆ. ಎರಡು ಹೊಲದ ಆಚೆ ಇನ್ನೊಬ್ಬರು ಮುಂಗಾರಿಗೆ ಮುಂಚೆ ಕುರಿ ತರುಬಿಸಿದ್ದರು.

ಬಿಟ್ಟ ನಾಯಿಗೆ ಕುರಿಯ ವಾಸನೆ ಹತ್ತಿತು. ಬಲೆ ಹಾರಿ ಹಟ್ಟಿಯ ಒಳಗೆ ಹೋಯಿತು. ಕಚ್ಚಿದ್ದು ಎರಡನ್ನೇ, ಅದೂ ಕಾಲಿಗೆ. ಆದರೆ ಹಟ್ಟಿಯ ಸುತ್ತ ಸುತ್ತಿಸಿ ಸುತ್ತಿಸಿ ಇಡೀ ಹಿಂಡನ್ನು ಓಡಿಸಿತು. ಬಲೆ ಕಿತ್ತು ಕುರಿ ಹೊರಗೆ ನುಗ್ಗಿದವು. ಕುರಿಗಾರರ ನಾಯಿಗಳು ಮೇಲೆ ಬಿದ್ದಾಗಲೇ ಅದು ಬಿಟ್ಟದ್ದು. ಮುಂದಿನ ಮೂರು ನಾಲ್ಕು ದಿನದಲ್ಲಿ ಗಬ್ಬದ ಕುರಿಗಳು ಒಂದೊಂದಾಗಿ ಕಂದು ಹಾಕಿದವು. ಕುರಿಯ ಗಬ್ಬ ಐದು ತಿಂಗಳದ್ದು. ನಾಲ್ಕನೆಯ ತಿಂಗಳಲ್ಲಿ ಹೀಗೆ ಓಡಿಸಿದರೆ ನಿಲ್ಲುತ್ತದೆಯೇ?

ಹಿರಿಯರು ಕೂತರು. ನಾಯಿಯ ಮಾಲೀಕರು, 'ಅದು ಕೊಲ್ಲಾಕ ಹೋಗಿಲ್ರಿ, ಅದರ ಜಾತಿ ಗುಣ' ಎಂದರು. ಕುರಿಗಾರರು, 'ನಮ್ಮ ಮರಿ ಹೋಗಿದ್ದು ಯಾವ ಗುಣದಿಂದಾದ್ರ ಏನ್ರಿ' ಎಂದರು. ದುಡ್ಡು ಕೊಟ್ಟು ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಬೇರೆ. ಮರುವರ್ಷ ಆ ಹಿಂಡು ಆ ಸೀಮೆಗೇ ಇಳಿಯಲಿಲ್ಲ. ನಾಯಿ ಸಾಕಿದವರ ಹೊಲಕ್ಕೆ ಮಾತ್ರವಲ್ಲ, ಸುತ್ತಿನ ಏಳೆಂಟು ಹೊಲಗಳಿಗೂ ಹಿಕ್ಕೆ ಗೊಬ್ಬರ ತಪ್ಪಿತು. ಒಂದು ರಾತ್ರಿ ಕುರಿ ತರುಬಿಸಿದ ಹೊಲದ ಬೆಳೆ ಎದ್ದು ಕಾಣುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಆ ನಾಯಿ ಕಡೆಗೆ ಮೂರು ಮನೆ ಬದಲಾಯಿಸಿತು. ಈಗ ಎಲ್ಲಿದೆಯೋ.

ನಾಯಿಯ ತಪ್ಪೇನೂ ಇಲ್ಲ. ಹುಟ್ಟಿದ ಕೆಲಸವನ್ನು ಹೇಳಿಕೊಡುವವರಿಲ್ಲದೆ ತಾನೇ ಮಾಡಲು ಹೋಯಿತು, ಅಷ್ಟೆ.

ಕೆಲಸ ಕೊಡದಿದ್ದರೆ ತಾನೇ ಹುಡುಕುತ್ತದೆ

ಅಟ್ಟುವ ನಾಯಿ ಮನೆಯಲ್ಲಿ ಹುಡುಕಿಕೊಳ್ಳುವ ಕೆಲಸಗಳು ಇಂಥವು. ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವುದು. ಬೈಕ್ ಬೆನ್ನಟ್ಟುವುದು. ಕೋಳಿಗಳನ್ನು ಮೂಲೆಗೆ ಒತ್ತಿ ಗಂಟೆಗಟ್ಟಲೆ ನಿಲ್ಲಿಸುವುದು, ಆ ಕೋಳಿ ಮೊಟ್ಟೆ ಇಡುವುದು ಮರೆತ ಹಾಗೆಯೇ. ಡ್ರಿಪ್ ಪೈಪು ಕಡಿಯುವುದು. ಕಣದಲ್ಲಿ ಹರವಿದ ಮೆಣಸಿನಕಾಯಿಯ ಮೇಲೆ ಸುತ್ತು ಹೊಡೆಯುವುದು, ಮೇಲೆ ಉಚ್ಚೆ ಹೊಯ್ಯುವುದು. ಬ್ಯಾಡಗಿ ಪೇಟೆಯಲ್ಲಿ ಬಣ್ಣ ನೋಡಿ ದರ ಕೂಗುತ್ತಾರೆ. ತುಳಿದು ಬೀಜ ಉದುರಿದ, ಕಲೆ ಬಿದ್ದ ಕಾಯಿಗೆ ಏನು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಕಟ್ಟಿ ಹಾಕಿದರಾಯಿತು ಎನ್ನುವವರಿದ್ದಾರೆ. ಕಟ್ಟಿದರೆ ಈ ಜಾತಿಯ ನಾಯಿ ಇನ್ನೂ ಕೆಡುತ್ತದೆ. ಒಂದೇ ಸಮ ಬೊಗಳುತ್ತದೆ, ತನ್ನ ಬಾಲವನ್ನೇ ಕಚ್ಚುತ್ತಾ ಗಿರಗಿರ ತಿರುಗುತ್ತದೆ, ಅನ್ನ ಹಾಕಲು ಹೋದ ಕೈಗೂ ಬಾಯಿ ಹಾಕುತ್ತದೆ. ಅನ್ನ ಹಾಕುವವರು ಯಾರು? ನಾಯಿ ಬೇಕೆಂದ ಮಗ ಹುಬ್ಬಳ್ಳಿಯಲ್ಲಿ, ದುಡ್ಡು ಕೊಟ್ಟ ಅಪ್ಪ ಹೊಲದಲ್ಲಿ. ಉಳಿದವಳು ಅವ್ವ. ನಾಯಿ ತರುವ ಮಾತುಕತೆಯಲ್ಲಿ ಅವಳನ್ನು ಕೇಳಿದವರನ್ನು ನಾನು ಕಂಡಿಲ್ಲ.

ಕಡಿತದ ವಿಷಯದಲ್ಲಿ ಕಾನೂನೂ ಇದೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಾಯಿ ಇಲ್ಲದೆ ನಾಯಿ ಸಾಕಿ ನೋಡಿ

ತರಲೇಬೇಕು ಎಂದಿದ್ದರೆ ಹದಿನೈದು ದಿನ ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಒಂದು ತಾಸು ಬಿರುಸಾಗಿ ನಡೆಯಿರಿ. ಸಂಜೆ ಬಿಸಿಲಿಳಿದ ಮೇಲೆ ಇನ್ನೊಂದು ತಾಸು. ಮಧ್ಯಾಹ್ನ ಹತ್ತು ನಿಮಿಷದಂತೆ ಎರಡು ಸಲ, ನಾಯಿಗೆ ಕಲಿಸುವ ಹೊತ್ತು ಎಂದು ಬಿಡುವು ಮಾಡಿಕೊಳ್ಳಿ. ನೆಂಟರು ಬಂದಿರಲಿ, ಮಳೆ ಇರಲಿ, ತಪ್ಪಿಸುವಂತಿಲ್ಲ. ಇದನ್ನು ಬೇಸಿಗೆಯ ಖಾಲಿ ದಿನಗಳಲ್ಲಿ ಮಾಡಿ ಗೆದ್ದೆ ಎನ್ನಬೇಡಿ. ಜುಲೈಯ ಕಳೆ ಕಾಲದಲ್ಲಿ, ಇಲ್ಲವೇ ಮೆಣಸಿನ ಹಣ್ಣು ಬಿಡಿಸುವ ಡಿಸೆಂಬರ್-ಜನವರಿಯಲ್ಲಿ ಮಾಡಿ ನೋಡಿ. ಹದಿನೈದು ದಿನ ತಪ್ಪದೆ ನಡೆದ ಮನೆಗೆ ಅಟ್ಟುವ ನಾಯಿ ಒಗ್ಗೀತು. ನಾಲ್ಕನೆಯ ದಿನಕ್ಕೆ 'ನಾಳೆ ನೋಡೂಣು' ಎಂದಿದ್ದರೆ ಉತ್ತರ ಸಿಕ್ಕಿತು.

ಇದರಲ್ಲಿ ಇನ್ನೊಂದು ಲೆಕ್ಕವಿದೆ. ಪೊಲೀಸ್, ಸೈನ್ಯದ ಭರ್ತಿಗಾಗಿ ಬೆಳಗಿನ ಜಾವ ಓಡುವ ಹುಡುಗರು ನಮ್ಮ ಊರೂರಲ್ಲಿ ಇದ್ದಾರೆ. ಅಂಥವರ ಜತೆ ಈ ನಾಯಿ ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಹುಡುಗ ಆಯ್ಕೆಯಾದ ಮೇಲೆ? ನಾಯಿಯ ಆಯುಸ್ಸು ಹನ್ನೆರಡರಿಂದ ಹದಿನೈದು ವರ್ಷ.

ಬಿಸಿಲನ್ನೂ ಮರೆಯಬಾರದು. ಈ ನಾಯಿಗಳಿಗೆ ಎರಡು ಪದರದ ಕೂದಲು, ಚಳಿ ದೇಶಕ್ಕೆ ಹೇಳಿ ಮಾಡಿಸಿದ್ದು. ಮಾರ್ಚಿಯಿಂದ ಮೇ ತಿಂಗಳವರೆಗೆ ನಮ್ಮಲ್ಲಿ ಹತ್ತು ಗಂಟೆಯ ಮೇಲೆ ಓಡಿಸುವಂತಿಲ್ಲ. ಸಮಸ್ಯೆ ಏನೆಂದರೆ ಕೆಲಸದ ಗುಂಗಿನಲ್ಲಿ ಅದು ದಣಿವನ್ನು ತೋರಿಸುವುದಿಲ್ಲ, ಬಿದ್ದ ಮೇಲೇ ಗೊತ್ತಾಗುವುದು. ಏದುಸಿರು ನಿಲ್ಲದಿದ್ದರೆ, ಕಾಲು ತಡವರಿಸಿದರೆ ನೆರಳಿಗೆ ತಂದು ಮೈಗೆಲ್ಲ, ಮುಖ್ಯವಾಗಿ ಹೊಟ್ಟೆ ಮತ್ತು ಕಾಲಿಗೆ ತಣ್ಣೀರು ಹೊಯ್ದು ಗಾಳಿ ಹಾಕಬೇಕು, ಕೂಡಲೇ ಡಾಕ್ಟರಿಗೆ ತೋರಿಸಬೇಕು. ಉದ್ದ ಕೂದಲಲ್ಲಿ ಉಣ್ಣಿ ಸೇರಿಕೊಂಡರೆ ಕಾಣುವುದೂ ಇಲ್ಲ. ಉಣ್ಣಿಯಿಂದ ಬರುವ ಜ್ವರ ನಾಯಿಯನ್ನು ತಿಂಗಳಲ್ಲಿ ಒಣಗಿಸಿಬಿಡುತ್ತದೆ. ಊಟದಲ್ಲಿ ಉಳಿದ ರೊಟ್ಟಿ, ಸಾರು ಹಾಕಿ ಸಾಕುತ್ತೇವೆ ಎಂದರೆ ದಿನವಿಡೀ ಓಡುವ ಮೈಗೆ ಸಾಲದು. ಮೊಟ್ಟೆಯೋ ಮಾಂಸವೋ ಬೇಕು. ರಾಣೇಬೆನ್ನೂರು ಕಡೆ ಉಳ್ಳಾಗಡ್ಡಿಗೆ ಬರವಿಲ್ಲ, ಪಲ್ಯೆಯಲ್ಲೂ ಅದೇ. ನಾಯಿಗೆ ಮಾತ್ರ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೆಚ್ಚು ಬೀಳಬಾರದು, ರಕ್ತ ಕೆಡಿಸುತ್ತದೆ.

ಕುರಿಯ ಔಷಧ ನಾಯಿಗೆ ವಿಷ

ಇದನ್ನು ಸ್ವಲ್ಪ ನಿಂತು ಓದಿ. ಕುರಿಗೆ ಉಣ್ಣಿ, ಕಜ್ಜಿ, ಜಂತಿಗೆ ನಾವು ಐವರ್‌ಮೆಕ್ಟಿನ್ ಚುಚ್ಚಿಸುತ್ತೇವೆ. ಬಾಟಲಿಯಲ್ಲಿ ಉಳಿದದ್ದನ್ನು 'ನಾಯಿಗೂ ಒಂದೀಟು' ಎಂದು ಅಂದಾಜಿನಲ್ಲಿ ಕೊಡುವ ರೂಢಿ ಇದೆ. ಕೋಲಿ ಬಳಗದ ಹಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇರುತ್ತದೆ. ಔಷಧ ಮಿದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆ ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2001ರಲ್ಲಿ ಇದಕ್ಕೆ ಕಾರಣವಾದ ಜೀನನ್ನು ಗುರುತಿಸಿದರು. ಅಂಥ ನಾಯಿಗೆ ಕುರಿಯ ಲೆಕ್ಕದ ಔಷಧ ಬಿದ್ದರೆ ತೂರಾಡಿ, ಕಣ್ಣು ಕಾಣದಾಗಿ, ಎಚ್ಚರ ತಪ್ಪಿ ಸಾಯಬಹುದು. ಔಷಧ ಕೊಟ್ಟ ದನ, ಕುರಿಯ ಸಗಣಿ ಹಿಕ್ಕೆ ತಿಂದು ಅಪಾಯಕ್ಕೆ ಬಿದ್ದದ್ದೂ ಇದೆ. ಬಾರ್ಡರ್ ಕೋಲಿಯಲ್ಲಿ ಈ ಕೊರತೆ ಉದ್ದ ಕೂದಲಿನ ಕೋಲಿಯಷ್ಟು ಸಾಮಾನ್ಯವಲ್ಲ. ಹೊರಗಿನಿಂದ ನೋಡಿದರೆ ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂದು ತಿಳಿಯುವುದಿಲ್ಲ.

ಇನ್ನೊಂದು, ಎಲ್ಲ ನಾಯಿಗಳಿಗೂ ಸಂಬಂಧಿಸಿದ್ದು. ಸತ್ತ ಕುರಿಯ ತಲೆ, ಪಿತ್ತಕೋಶ, ಪುಪ್ಪುಸವನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿ. ಕುರಿ ಒಂದೇ ಕಡೆಗೆ ತಲೆ ವಾಲಿಸಿ ಸುತ್ತುತ್ತಾ ಸಾಯುವ ರೋಗ ನೋಡಿದ್ದೀರಲ್ಲ? ಹಾಗೆ ಸುತ್ತಲು ಒಂದು ಕಾರಣ ಮಿದುಳಿನಲ್ಲಿ ನೀರುಗುಳ್ಳೆ. ಆ ತಲೆ ತಿಂದ ನಾಯಿಯ ಕರುಳಲ್ಲಿ ಅದು ಲಾಡಿಹುಳುವಾಗುತ್ತದೆ, ಹೇಲಿನಲ್ಲಿ ಮೊಟ್ಟೆ ಹುಲ್ಲಿಗೆ ಬೀಳುತ್ತದೆ, ಮತ್ತೆ ಕುರಿಗೆ ಹೋಗುತ್ತದೆ. ಇದೇ ಬಳಗದ ಇನ್ನೊಂದು ಹುಳು ಮನುಷ್ಯನ ಪಿತ್ತಕೋಶ, ಪುಪ್ಪುಸದಲ್ಲಿ ಗಡ್ಡೆ ಕಟ್ಟುತ್ತದೆ. ಸತ್ತದ್ದನ್ನು ಆಳವಾಗಿ ಹುಗಿಯಿರಿ. ಡಾಕ್ಟರ ಹತ್ತಿರ ತೂಕ ಹೇಳಿ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ತಂದು ಮೂರು ತಿಂಗಳಿಗೊಮ್ಮೆ ಹಾಕಿ. ನಾಯಿ ಮುಟ್ಟಿದ ಮಕ್ಕಳು ಕೈ ತೊಳೆದೇ ಉಣ್ಣಲಿ.

ಹಾಗಾದರೆ ಯಾವ ನಾಯಿ?

ಮುಧೋಳ ನಾಯಿಯ ಆಸೆ ಇರುವವರೂ ಬಹಳ. ನಮ್ಮ ನಾಡಿನ ಹೆಮ್ಮೆ ನಿಜ. ಅಂಚೆ ಇಲಾಖೆ 2005ರಲ್ಲಿ ಅದರ ಚೀಟಿ ತಂದಿತು. ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಬಿಸಿಲು ತಡೆಯುತ್ತದೆ, ಕೂದಲು ಕಡಿಮೆ. ಆದರೆ ಅದು ಅಟ್ಟುವುದೂ ಅಲ್ಲ, ಕಾಯುವುದೂ ಅಲ್ಲ. ಕಣ್ಣಿಗೆ ಬಿದ್ದ ಓಟವನ್ನು ಬೆನ್ನಟ್ಟುವ ಬೇಟೆನಾಯಿ. ರಾಣೇಬೆನ್ನೂರು ಸುತ್ತ ಇದರಿಂದ ಬೇರೆ ಫಜೀತಿ ಇದೆ. 1974ರಲ್ಲಿ ಮಾಡಿದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಇಲ್ಲೇ ಇದೆ. ಚಿಗರಿ ಹೊಲಕ್ಕೆ ನುಗ್ಗಿ ಮೊಳಕೆ ಮೇಯುವುದು ನಮಗೆಲ್ಲ ಗೊತ್ತಿರುವ ಕಷ್ಟ. ಓಡಿಸಲೆಂದು ಬಿಟ್ಟ ನಾಯಿ ಒಂದನ್ನು ಹಿಡಿದು ಕೊಂದರೆ, ಅದು ಅತ್ಯುನ್ನತ ರಕ್ಷಣೆಯ ಪ್ರಾಣಿ, ಕೇಸು ನಿಮ್ಮ ಹೆಸರಿಗೆ.

ಹತ್ತರಿಂದ ನಲವತ್ತು ಕುರಿ, ನಾಲ್ಕು ಎಮ್ಮೆ ಇರುವ ನಮ್ಮಂಥವರಿಗೆ ಕುರಿಗಾರರ ನಾಯಿಯ ಮರಿಯೇ ಸರಿ ಎಂಬುದು ನನ್ನ ಮತ. ಹೆಸರಿಲ್ಲದ ಜಾತಿ ಎಂದು ಅಸಡ್ಡೆ ಮಾಡುತ್ತೇವೆ. ದೇವರಗುಡ್ಡದ ಮಾಲತೇಶನ ಗೊರವಪ್ಪಗಳು ತಾವೇ ದೇವರ ನಾಯಿಗಳೆಂದು ಬೊಗಳಿ ದೋಣಿಯಲ್ಲಿ ಉಣ್ಣುತ್ತಾರೆ, ಅವರಿಗೆ ನಾವು ಕೈ ಮುಗಿಯುತ್ತೇವೆ. ಹಟ್ಟಿಯ ನಾಯಿಗೆ ಮಾತ್ರ ಕಲ್ಲು.

ಅಟ್ಟುವ ನಾಯಿ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ನೂರಕ್ಕೂ ಮೇಲೆ ಕುರಿ, ಸುತ್ತ ತಂತಿ ಬೇಲಿ ಹಾಕಿದ ಏಳೆಂಟು ಎಕರೆ ಹುಲ್ಲು, ಒಂದು ವರ್ಷ ದಿನಾ ಕಲಿಸುವ ತಾಳ್ಮೆಯ ಒಬ್ಬ ಮನುಷ್ಯ, ಈ ಮೂರೂ ಇದ್ದರೆ ತನ್ನಿ. ತಂದೆ ತಾಯಿ ಎರಡೂ ಕುರಿಯಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ ತನ್ನಿ. 'ಮಲಗು', 'ನಿಲ್ಲು', 'ಬಾ' ಎಂಬ ಮೂರು ಮಾತು ಗಟ್ಟಿಯಾಗುವವರೆಗೆ ಕುರಿ ಹತ್ತಿರ ಹಗ್ಗವಿಲ್ಲದೆ ಬಿಡಬೇಡಿ.

ಕುರಿಗಾರರ ಹತ್ತಿರ ಮರಿ ಕೇಳುವುದಾದರೆ ಹಿಂಡು ನಿಮ್ಮ ಹೊಲದಲ್ಲಿ ತರುಬಿದ ರಾತ್ರಿ ಹೋಗಿ ಕೂಡಿ. ಯಾವ ಹೆಣ್ಣು ನಾಯಿ ಮೊದಲು ಎದ್ದು ಬೊಗಳುತ್ತದೆ, ಯಾವುದು ಕುರಿಮರಿ ಮೈಮೇಲೆ ಹತ್ತಿದರೂ ಸುಮ್ಮನಿರುತ್ತದೆ, ನೋಡಿ. ಅದರ ಮರಿಯನ್ನು ಎಂಟು ವಾರವಾದ ಮೇಲೆ ತನ್ನಿ, ಮನೆಯೊಳಗೆ ತರದೆ ನೇರ ಕುರಿ ದೊಡ್ಡಿಯ ಮೂಲೆಯಲ್ಲಿ ಜಾಗ ಮಾಡಿ ಇಡಿ. ಮರಿಗೆ ಟಗರು ಗುದ್ದದಂತೆ ನಾಲ್ಕು ಹಲಗೆ ಅಡ್ಡ ಕಟ್ಟಿ. ಮೊದಲ ವರ್ಷ ಆಟಕ್ಕೆ ಕುರಿಯ ಬೆನ್ನು ಹತ್ತಿದರೆ ಆಗಲೇ ಗದರಿ ಬಿಡಿಸಿ, ಹೊಡೆಯಬೇಡಿ. ಆರರಿಂದ ಎಂಟನೆಯ ವಾರಕ್ಕೆ ಪಾರ್ವೊ ಲಸಿಕೆಯ ಮೊದಲ ಚುಚ್ಚು, ಆಮೇಲೆ ನಾಲ್ಕು ತಿಂಗಳಾಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವರ್ಷವರ್ಷ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಸುಮಾರಿಗೆ ತಾಲೂಕಿನ ಪಶು ಆಸ್ಪತ್ರೆಯಲ್ಲಿ ಉಚಿತ ಲಸಿಕೆ ಇದೆಯೇ ಎಂದು ವಿಚಾರಿಸಿ. ಯಾವ ನಾಯಿ ಕಚ್ಚಿದರೂ, ನಿಮ್ಮದೇ ಆಗಿರಲಿ, ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ಗಾಯ ತೊಳೆದು ಅವತ್ತೇ ಸರ್ಕಾರಿ ದವಾಖಾನೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚುವುದು ಬೇಡ.